ಶುಂಠಿಯ ಕೊಳೆ, ಮೆಣಸಿನ ಸೊರಗು ಮತ್ತು ಬೇರಿನ ಉಪಕಾರಿ ದುಂಡಾಣುಗಳು

(ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ)



ಆರಿದ್ರಾ ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಶುಂಠಿ ಬೆಳೆಗಾರರ ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: ಕೆಳಗಿನ ಎಲೆ ಹಳದಿಯಾಯಿತೇ, ಇಲ್ಲವೇ? ಹಳದಿಯಾದ ಗಿಡವನ್ನು ಹಿಡಿದು ಮೆಲ್ಲನೆ ಎಳೆದಾಗ ಅದು ಪ್ರತಿರೋಧವಿಲ್ಲದೆ ಕೈಗೆ ಬಂದರೆ, ಬುಡ ನೀರುನೀರಾಗಿ ಕೊಳೆತ ವಾಸನೆ ಬೀರಿದರೆ, ಆ ಮಡಿಯ ಕಥೆ ಮುಗಿದಂತೆಯೇ. ಹೆಕ್ಟೇರಿಗೆ ಒಂದೂವರೆ ಟನ್ನಿಗೂ ಮೇಲ್ಪಟ್ಟು ಬಿತ್ತನೆ ಗಡ್ಡೆ ಬೇಡುವ ಬೆಳೆ ಇದು. ಗದ್ದೆಯನ್ನು ಗೇಣಿಗೆ ಪಡೆದು, ಗಡ್ಡೆಗೂ ಗೊಬ್ಬರಕ್ಕೂ ಸಾಲ ಮಾಡಿ ನಾಟಿ ಮಾಡಿದವರಿಗೆ ಜುಲೈ ತಿಂಗಳ ಹಳದಿ ಎಲೆಯೆಂದರೆ ಮುಂದಿನ ವರ್ಷದ ಶಾಲಾ ಶುಲ್ಕ, ಸಂಘದ ಕಂತು, ಮದುವೆಯ ಖರ್ಚು ಎಲ್ಲವೂ ಅಲುಗಾಡಿದಂತೆ.

ಈ ರೋಗಗಳ ಹತೋಟಿಯಲ್ಲಿ ಉಪಕಾರಿ ದುಂಡಾಣುಗಳ ಬಳಕೆಯ ಕುರಿತು ಈಚಿನ ವರ್ಷಗಳಲ್ಲಿ ಗ್ರಾಮಸಭೆಗಳಲ್ಲಿ ಪ್ರಶ್ನೆಗಳು ಬರುತ್ತಿವೆ. ಅಂಗಡಿಯಲ್ಲಿ ದೊರೆಯುವ ‘ಜೈವಿಕ’ ಪೊಟ್ಟಣ ನಿಜಕ್ಕೂ ಕೆಲಸ ಮಾಡುತ್ತದೆಯೇ, ಅದನ್ನು ಬಳಸಿದರೆ ಮೈಲುತುತ್ತ ಬಿಡಬಹುದೇ, ರೋಗ ಬಂದ ಮೇಲೆ ಹಾಕಿದರೂ ನಡೆಯುತ್ತದೆಯೇ ಎಂಬವು ಅವುಗಳಲ್ಲಿ ಮುಖ್ಯವಾದವು. ಸದಸ್ಯರು ಇವುಗಳಿಗೆ ಉತ್ತರಿಸಲು ಶಕ್ತರಾಗಬೇಕೆಂಬ ಉದ್ದೇಶದಿಂದ ಈ ವಿವರಣೆಯನ್ನು ನೀಡಲಾಗಿದೆ.

ನೀರಿನಲ್ಲಿ ಬೆಳೆವ ಸೊಪ್ಪಿನಿಂದ ಕಲಿಯಬೇಕಾದುದು

ವಿಷಯವನ್ನು ನಮ್ಮ ಗದ್ದೆಗಿಂತ ಸ್ವಲ್ಪ ದೂರದಿಂದ ಆರಂಭಿಸಿದರೆ ಅರ್ಥವಾಗುವುದು ಸುಲಭ. ಬೆಂಗಳೂರಿನ ಹೊರವಲಯದಲ್ಲಿ ಹೋಟೆಲುಗಳಿಗಾಗಿ ಲೆಟ್ಯೂಸ್ ಎಂಬ ಸೊಪ್ಪನ್ನು ಮಣ್ಣಿಲ್ಲದೆ ಬೆಳೆಯುವವರಿದ್ದಾರೆ. ಪ್ಲಾಸ್ಟಿಕ್ ಕೊಳವೆಗಳಲ್ಲಿ ಪೋಷಕಾಂಶ ಬೆರೆಸಿದ ನೀರು ಸದಾ ಹರಿಯುತ್ತಿರುತ್ತದೆ. ಗಿಡದ ಬೇರು ಆ ನೀರಿನಲ್ಲಿ ತೊಯ್ದಿರುತ್ತದೆ. ಹರಿದ ನೀರು ತೊಟ್ಟಿಗೆ ಮರಳಿ ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ. ಇದಕ್ಕೆ ಜಲಕೃಷಿ ಎಂದು ಹೆಸರು. ಮಣ್ಣೇ ಇಲ್ಲದ ಮೇಲೆ ಮಣ್ಣಿನ ರೋಗ ಎಲ್ಲಿಂದ ಬರಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಅಲ್ಲಿಯ ದೊಡ್ಡ ಶತ್ರು ಬೇರು ಕೊಳೆಯೇ. ಅದಕ್ಕೆ ಕಾರಣ ಪಿಥಿಯಂ ಎಂಬ ಜೀವಿ. ನಮ್ಮ ಶುಂಠಿ ಗಡ್ಡೆಯನ್ನು ಕೊಳೆಸುವುದೂ ಇದೇ ಪಿಥಿಯಂ ಕುಲಕ್ಕೆ ಸೇರಿದ್ದು.

ಪಿಥಿಯಂ ನೋಡಲು ಶಿಲೀಂಧ್ರದಂತೆ ಎಳೆಎಳೆಯಾಗಿ ಬೆಳೆದರೂ ನಿಜವಾದ ಶಿಲೀಂಧ್ರವಲ್ಲ. ನೀರಿನೊಂದಿಗೆ ಹುಟ್ಟಿ ಬೆಳೆದ ಬೇರೊಂದು ವಂಶದ್ದು. ಅದರ ಬೀಜಕಣಗಳಿಗೆ ಬಾಲದಂತಹ ಎಳೆಗಳಿದ್ದು ಅವು ನೀರಿನಲ್ಲಿ ಈಜಬಲ್ಲವು. ಬೇರು ಹೊರಸೂಸುವ ಸಕ್ಕರೆ, ಆಮ್ಲಗಳ ಜಾಡು ಹಿಡಿದು ಈಜಿಬಂದು ಬೇರಿನ ತುದಿಗೆ ಅಂಟಿಕೊಂಡು ಒಳನುಗ್ಗುತ್ತವೆ. ಜಲಕೃಷಿಯ ತೊಟ್ಟಿಗೆ ಒಂದು ರೋಗಗ್ರಸ್ತ ಸಸಿ ಬಂದರೆ ಸಾಕು, ಕೆಲವೇ ದಿನಗಳಲ್ಲಿ ಅದೇ ನೀರು ಕುಡಿಯುವ ನೂರಾರು ಗಿಡಗಳಿಗೆ ರೋಗ ತಲಪುತ್ತದೆ. ಆ ಸೊಪ್ಪನ್ನು ಹಸಿಯಾಗಿಯೇ ತಿನ್ನುವುದರಿಂದ ನೀರಿಗೆ ಶಿಲೀಂಧ್ರನಾಶಕ ಸುರಿಯುವಂತೆಯೂ ಇಲ್ಲ. ಹೀಗಾಗಿ ವಿಜ್ಞಾನಿಗಳು ಬೇರಿನ ಮೇಲೆ ಮೊದಲೇ ಉಪಕಾರಿ ದುಂಡಾಣುಗಳನ್ನು ನೆಲೆಗೊಳಿಸುವ ದಾರಿ ಹುಡುಕಿದರು. ಬ್ಯಾಸಿಲಸ್ ಸಬ್ಟಿಲಿಸ್, ಸೂಡೊಮೋನಾಸ್ ಕ್ಲೋರೊರಾಫಿಸ್ ಮುಂತಾದವು ಈ ಪ್ರಯೋಗಗಳಲ್ಲಿ ಹೆಸರು ಮಾಡಿವೆ. ಪಿಥಿಯಂ ಬರುವ ಮೊದಲೇ ಇವನ್ನು ಬೇರಿಗೆ ನೀಡಿದಲ್ಲಿ ಬೇರು ಕೊಳೆ ತಗ್ಗಿತು. ಬಂದ ಮೇಲೆ ನೀಡಿದಲ್ಲಿ ಪ್ರಯೋಜನ ಅಲ್ಪ. ನೀರು ಬಿಸಿಯೇರಿ ಬೇರು ಉಸಿರು ಕಟ್ಟಿದಾಗಲೂ ದುಂಡಾಣುವಿನ ಆಟ ಹೆಚ್ಚು ನಡೆಯದು.

ಈಗ ನಮ್ಮ ಕಡೆಗೆ ತಿರುಗಿ ನೋಡೋಣ. ಶಾಂತಳ್ಳಿಯ ಬೆಟ್ಟದ ಇಳಿಜಾರಾಗಲಿ, ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ಗದ್ದೆ ಬಯಲಾಗಲಿ, ಮಳೆಗಾಲದ ನಾಲ್ಕು ತಿಂಗಳು ಮೇಲಿನ ಮಡಿಯ ನೀರು ಕೆಳಗಿನ ಮಡಿಗೆ, ಒಬ್ಬರ ಗದ್ದೆಯ ನೀರು ಮತ್ತೊಬ್ಬರ ಗದ್ದೆಗೆ ಇಳಿಯುತ್ತಲೇ ಇರುತ್ತದೆ. ಒಂದು ಕಣಿವೆಯ ಗದ್ದೆಗಳೆಲ್ಲ ಸೇರಿ ಒಂದೇ ತೊಟ್ಟಿಯ ನೀರು ಕುಡಿಯುತ್ತಿರುವಂತೆ. ಕೊಳೆತ ಶುಂಠಿಯನ್ನು ಕಿತ್ತು ತೋಡಿಗೆ ಎಸೆಯುವ ಪದ್ಧತಿ ಕೆಲವೆಡೆ ಇದೆ. ಎಸೆದವರ ಗದ್ದೆ ಚೊಕ್ಕಟವಾಯಿತೆಂದು ತೋರಬಹುದು. ಕೆಳಗಿನ ಹತ್ತು ಮನೆಗಳಿಗೆ ರೋಗ ಹಂಚಿದಂತಾಯಿತು. ಪಂಚಾಯಿತಿಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಇದೇ ಉತ್ತರ. ಸಂವಿಧಾನದ ಹನ್ನೊಂದನೆಯ ಅನುಸೂಚಿಯ ಮೊದಲನೆಯ ಬಾಬ್ತೇ ಕೃಷಿ ಮತ್ತು ಕೃಷಿ ವಿಸ್ತರಣೆ ಎಂಬುದನ್ನೂ ಇಲ್ಲಿ ನೆನಪಿಸಬಹುದು. ಆದರೆ ಅದಕ್ಕಿಂತ ಹರಿಯುವ ನೀರಿನ ವಾದವೇ ಬಲವಾದುದು.

ದುಂಡಾಣು ಮಾಡುವ ಕೆಲಸ

ಬೇರಿನ ಸುತ್ತಲಿನ ಕೆಲವೇ ಮಿಲಿಮೀಟರ್ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ದಟ್ಟಣೆ ಉಳಿದ ಮಣ್ಣಿಗಿಂತ ಬಹಳ ಹೆಚ್ಚು. ಇದನ್ನು ಗುರುತಿಸಿ 1904ರಲ್ಲಿ ಜರ್ಮನಿಯ ಹಿಲ್ಟ್‌ನರ್ ಎಂಬ ವಿಜ್ಞಾನಿ ಈ ಭಾಗಕ್ಕೆ ‘ಬೇರುವಲಯ’ ಎಂಬರ್ಥದ ಹೆಸರಿಟ್ಟನು. ಬೇರು ತಾನು ತಯಾರಿಸಿದ ಆಹಾರದ ಒಂದು ಪಾಲನ್ನು ಇಲ್ಲಿ ಸೂಸುತ್ತದೆ. ಅದನ್ನು ಉಂಡು ಬದುಕುವ ದುಂಡಾಣುಗಳಲ್ಲಿ ಕೆಲವು ಸಸ್ಯಕ್ಕೆ ಪ್ರತಿಫಲವನ್ನೂ ನೀಡುತ್ತವೆ.

ಅವುಗಳ ಕೆಲಸ ಒಂದೇ ಬಗೆಯದಲ್ಲ. ಮೊದಲನೆಯದು ಜಾಗ ಹಿಡಿಯುವುದು. ಬಸ್ಸಿನಲ್ಲಿ ಮೊದಲೇ ಕುಳಿತವರಿದ್ದರೆ ತಡವಾಗಿ ಬಂದವರು ನಿಲ್ಲಬೇಕಾಗುತ್ತದಲ್ಲವೇ? ಬೇರಿನ ಮೇಲೆ ಉಪಕಾರಿ ದುಂಡಾಣುಗಳು ತೆಳುವಾದ ಪೊರೆಯಂತೆ ಹರಡಿದ್ದರೆ ರೋಗಾಣುವಿಗೆ ನೆಲೆಯೂ ಊಟವೂ ಸಿಗುವುದು ಕಷ್ಟ. ಎರಡನೆಯದು ಕಬ್ಬಿಣದ ಪೈಪೋಟಿ. ಸೂಡೊಮೋನಾಸ್ ಫ್ಲೋರೆಸೆನ್ಸ್ ಎಂಬ ದುಂಡಾಣು ಮಣ್ಣಿನ ಕಬ್ಬಿಣವನ್ನು ಬಿಗಿಯಾಗಿ ಹಿಡಿಯುವ ಹಳದಿ ಮಿಶ್ರಿತ ಹಸಿರು ವರ್ಣದ್ರವ್ಯವನ್ನು ಸ್ರವಿಸುತ್ತದೆ. ಅತಿನೇರಳೆ ಬೆಳಕಿನಲ್ಲಿ ಇದು ಹೊಳೆಯುವುದರಿಂದಲೇ ಆ ಹೆಸರು. ಕಬ್ಬಿಣ ದೊರೆಯದ ರೋಗಾಣು ಸೊರಗುತ್ತದೆ. ಮೂರನೆಯದು ನೇರ ದಾಳಿ: ಸೂಡೊಮೋನಾಸ್ ಜಾತಿಗಳು ಫೀನಜೀನ್ ಮೊದಲಾದ ಪ್ರತಿಜೀವಕಗಳನ್ನೂ, ಬ್ಯಾಸಿಲಸ್ ಜಾತಿಗಳು ಇಟ್ಯೂರಿನ್, ಫೆಂಜೈಸಿನ್ ಎಂಬ ಪದಾರ್ಥಗಳನ್ನೂ ತಯಾರಿಸಿ ರೋಗಾಣುವಿನ ಕೋಶದ ಹೊರಪೊರೆಯನ್ನು ಕೆಡಿಸುತ್ತವೆ. ಇವೆಲ್ಲಕ್ಕಿಂತ ಸೋಜಿಗದ್ದು ನಾಲ್ಕನೆಯದು. ಬೇರಿನ ಮೇಲೆ ನೆಲೆಸಿದ ದುಂಡಾಣುವಿನ ಸುಳಿವಿನಿಂದಲೇ ಗಿಡ ಎಚ್ಚೆತ್ತು, ಎಲೆಯವರೆಗೂ ತನ್ನ ರಕ್ಷಣೆಯ ಸಿದ್ಧತೆ ಮಾಡಿಕೊಳ್ಳುತ್ತದೆ. ಮುಂದೆ ರೋಗ ತಗುಲಿದಾಗ ಬೇಗನೆ ಪ್ರತಿಕ್ರಿಯಿಸುತ್ತದೆ.

ಪ್ರಯೋಗಾಲಯದ ಈ ಜ್ಞಾನ ರೈತರ ಕೈಗೆ ಬಂದುದು ಟಾಲ್ಕ್ ಪುಡಿಯ ಮೂಲಕ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೂಡೊಮೋನಾಸನ್ನು ಟಾಲ್ಕ್ ಪುಡಿಯಲ್ಲಿ ಬೆರೆಸಿ ಕಡಲೆಯ ಸೊರಗು ರೋಗಕ್ಕೆ ಬಳಸಿದ ಫಲಿತಾಂಶವನ್ನು 1995ರಲ್ಲಿ ಪ್ರಕಟಿಸಿದರು. ಸಾಂಬಾರ ಬೆಳೆಗಳ ಮಟ್ಟಿಗೆ ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಈ ಕೆಲಸದಲ್ಲಿ ಬಹುಕಾಲದಿಂದ ತೊಡಗಿದೆ. ಶುಂಠಿ ಗಿಡದೊಳಗೇ ವಾಸಿಸುವ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ದುಂಡಾಣುವನ್ನು ಗುರುತಿಸಿ ದುಂಡಾಣು ಸೊರಗು ರೋಗದ ವಿರುದ್ಧ ಬಳಸುವ ವಿಧಾನವನ್ನು ಆ ಸಂಸ್ಥೆ ರೂಪಿಸಿದೆ. ಸಂಸ್ಥೆಯ ಪ್ರಾದೇಶಿಕ ಕೇಂದ್ರ ನಮ್ಮ ಜಿಲ್ಲೆಯಲ್ಲಿಯೇ, ಮಡಿಕೇರಿ ಸಮೀಪದ ಅಪ್ಪಂಗಳದಲ್ಲಿದೆ.

ಯಾವ ರೋಗವೆಂದು ಮೊದಲು ತಿಳಿಯಬೇಕು

ರೈತರ ಹಣ ಹೆಚ್ಚು ಪೋಲಾಗುವುದು ಇಲ್ಲಿಯೇ. ಶುಂಠಿ ಒಣಗಿತೆಂದ ಕೂಡಲೇ ಅಂಗಡಿಗೆ ಹೋಗಿ ಕೊಟ್ಟದ್ದನ್ನು ತಂದು ಸುರಿಯುವವರೇ ಬಹಳ. ಪಿಥಿಯಂನಿಂದ ಬರುವ ಗಡ್ಡೆ ಕೊಳೆ ರೋಗ ಒಂದು. ರಾಲ್‌ಸ್ಟೋನಿಯ ಎಂಬ ಅಪಕಾರಿ ದುಂಡಾಣುವಿನಿಂದ ಬರುವ ಸೊರಗು ರೋಗ ಇನ್ನೊಂದು. ಒಂದಕ್ಕೆ ತಂದ ಔಷಧ ಇನ್ನೊಂದಕ್ಕೆ ನಡೆಯದು.

ಗೊತ್ತುಮಾಡಿಕೊಳ್ಳಲು ಒಂದು ಗಾಜಿನ ಲೋಟ ಸಾಕು. ಬಾಡುತ್ತಿರುವ ಗಿಡದ ಕಾಂಡವನ್ನು ಬುಡದ ಹತ್ತಿರ ಎರಡು ಅಂಗುಲ ಕತ್ತರಿಸಿ, ತಿಳಿನೀರು ತುಂಬಿದ ಲೋಟದಲ್ಲಿ ಅದರ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಭಾಗದಿಂದ ಹಾಲಿನಂತಹ ಬಿಳಿಯ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು. ಇಂತಹ ಗಿಡದಲ್ಲಿ ಎಲೆಗಳು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿ ಸುರುಳಿಯಾಗಿ, ಗಿಡ ನೋಡನೋಡುತ್ತಲೇ ಬಾಡುತ್ತದೆ. ಎಳೆ ಕಾಣಿಸದೆ, ಕೆಳಗಿನ ಎಲೆಗಳಿಂದ ಹಳದಿ ಆರಂಭವಾಗಿ, ಬುಡ ಮೆತ್ತಗಾಗಿ ಎಳೆದರೆ ಕಿತ್ತುಬಂದರೆ ಅದು ಪಿಥಿಯಂ ಕೊಳೆ ಇರುವ ಸಾಧ್ಯತೆ ಹೆಚ್ಚು. ಎಲೆಯಲ್ಲಿ ಮಾತ್ರ ಚುಕ್ಕೆ, ಹಳದಿ ಕಂಡುಬಂದು ಗಡ್ಡೆ ಗಟ್ಟಿಯಾಗಿದ್ದರೆ ಅದು ಬೇರೆಯೇ ಎಲೆ ರೋಗ. ಕೊಡಗಿನ ಶುಂಠಿಯಲ್ಲಿ 2024ರಲ್ಲಿ ಗುರುತಿಸಲಾದ ಪೈರಿಕ್ಯುಲೇರಿಯ ಶಿಲೀಂಧ್ರದ ರೋಗ ಈ ಬಗೆಯದು. ಬೇರಿನ ದುಂಡಾಣು ಪೊಟ್ಟಣವನ್ನು ಅದಕ್ಕೆ ಔಷಧವೆಂದು ನಂಬಿ ಕೂರಬಾರದು.

ಗ್ರಾಮಸಭೆಯ ದಿನ ಈ ಲೋಟದ ಪರೀಕ್ಷೆಯನ್ನು ಎಲ್ಲರ ಎದುರು ಮಾಡಿ ತೋರಿಸಿದರೆ ಗಂಟೆಗಟ್ಟಲೆ ಭಾಷಣಕ್ಕಿಂತ ಉಪಯುಕ್ತ.

ಬಳಕೆಯ ಕ್ರಮ

ಮೇಲಿನ ಪ್ರಶ್ನೆಗಳಲ್ಲಿ ಮುಖ್ಯವಾದುದಕ್ಕೆ ಇಲ್ಲಿಯೇ ಉತ್ತರಿಸುವುದು ಲೇಸು: ಉಪಕಾರಿ ದುಂಡಾಣು ರೋಗ ಬಾರದಂತೆ ಕಾಯುತ್ತದೆ, ಬಂದ ರೋಗವನ್ನು ಗುಣಪಡಿಸುವುದಿಲ್ಲ. ಆದಕಾರಣ ಅದರ ಕಾಲ ಜುಲೈ ಅಲ್ಲ, ನಾಟಿಗೆ ಮೊದಲು. ನಮ್ಮಲ್ಲಿ ಶುಂಠಿ ನಾಟಿ ಮಾರ್ಚಿಯಿಂದ ಮೇ ತಿಂಗಳವರೆಗೆ ನಡೆಯುವುದರಿಂದ ಸಿದ್ಧತೆ ಫೆಬ್ರುವರಿಯಲ್ಲಿಯೇ ಆಗಬೇಕು.

ರೋಗವಿಲ್ಲದ ಹೊಲದಿಂದ ಆಯ್ದ ಗಡ್ಡೆಯೇ ಎಲ್ಲಕ್ಕೂ ಆಧಾರ. ರೋಗದ ಗಡ್ಡೆಗೆ ಯಾವ ಉಪಚಾರ ಮಾಡಿದರೂ ಅದು ಹೊಟ್ಟೆಯಲ್ಲಿ ರೋಗ ಹೊತ್ತುಕೊಂಡೇ ಮಣ್ಣಿಗಿಳಿಯುತ್ತದೆ. ಆಯ್ದ ಗಡ್ಡೆಯನ್ನು ಸೂಡೊಮೋನಾಸ್ ಟಾಲ್ಕ್ ಪುಡಿಯ ದ್ರಾವಣದಲ್ಲಿ, ಸಾಮಾನ್ಯವಾಗಿ ಲೀಟರ್ ನೀರಿಗೆ 10 ಗ್ರಾಂನಂತೆ, ಅರ್ಧ ಗಂಟೆ ನೆನೆಸಿ ನೆರಳಿನಲ್ಲಿ ಆರಿಸಿ ನಾಟಿ ಮಾಡುವುದು ರೂಢಿಯಲ್ಲಿರುವ ಕ್ರಮ. ಪೊಟ್ಟಣದ ಮೇಲೆ ಬೇರೆ ಪ್ರಮಾಣ ನಮೂದಾಗಿದ್ದರೆ ಅದನ್ನೇ ಅನುಸರಿಸತಕ್ಕದ್ದು. ಗಡ್ಡೆಯನ್ನು ಮ್ಯಾಂಕೋಜೆಬ್ ದ್ರಾವಣದಲ್ಲಿ ಅದ್ದುವ ಪದ್ಧತಿ ಇರುವವರು ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಬೆರೆಸಬಾರದು.

ಇಲ್ಲೊಂದು ಸಣ್ಣ ವಿಷಯವನ್ನು ಪಂಚಾಯಿತಿಯವರೇ ಹೇಳಬೇಕಾಗಿದೆ. ನಾವು ನಲ್ಲಿಯಲ್ಲಿ ಸರಬರಾಜು ಮಾಡುವ ನೀರಿಗೆ ಬ್ಲೀಚಿಂಗ್ ಪೌಡರ್ ಬೆರೆಸಿರುತ್ತೇವೆ. ಕುಡಿಯುವ ನೀರಿನ ರೋಗಾಣುವನ್ನು ಕೊಲ್ಲುವ ಕ್ಲೋರಿನ್ ಪೊಟ್ಟಣದ ದುಂಡಾಣುವನ್ನೂ ಬಿಡುವುದಿಲ್ಲ. ಬಾವಿಯ ನೀರು ಉತ್ತಮ. ಇಲ್ಲದಿದ್ದರೆ ನಲ್ಲಿಯ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟು ಬಳಸಬಹುದು. ಮೇಲಿನ ಗದ್ದೆಗಳಿಂದ ಇಳಿದು ಬರುವ ತೋಡಿನ ನೀರು ಬೇಡ.

ಮಣ್ಣಿಗೆ ಹಾಕುವಾಗ ಬರಿಯ ಪುಡಿಯನ್ನು ಎರಚಿದರೆ ಅದು ವ್ಯರ್ಥ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೇವಿನ ಹಿಂಡಿ ಬೆರೆಸಿ, ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಸೇರಿಸಿ, ನೆರಳಿನಲ್ಲಿ ರಾಶಿ ಹಾಕಿ ಗೋಣಿಚೀಲ ಹೊದಿಸಿ, ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ ಕಾಪಾಡಿ ಹದಿನೈದು ದಿನ ಇಟ್ಟರೆ ಅದು ಗೊಬ್ಬರದಲ್ಲಿ ವೃದ್ಧಿಯಾಗುತ್ತದೆ. ನಡುವೆ ಒಂದೆರಡು ಬಾರಿ ಮಗುಚಬೇಕು. ಸೂಡೊಮೋನಾಸನ್ನು ಮಡಿಗೆ ಹಾಕುವ ಹೊತ್ತಿಗೆ ಗೊಬ್ಬರದಲ್ಲಿ ಬೆರೆಸಿಕೊಳ್ಳಬಹುದು. ನಮ್ಮ ಮಣ್ಣು ಹುಳಿ ಮಣ್ಣಾದುದರಿಂದ ಸುಣ್ಣ ಕೊಡುವುದು ಅಗತ್ಯ. ಆದರೆ ಅದನ್ನು ಎರಡು ಮೂರು ವಾರ ಮೊದಲೇ ಕೊಟ್ಟು ಮುಗಿಸಬೇಕು. ಬಿಸಿಲು ಇಳಿದ ಮೇಲೆ, ಮಣ್ಣಿನಲ್ಲಿ ತೇವವಿದ್ದಾಗ ಹಾಕುವುದು ಒಳಿತು.

ಇಷ್ಟೆಲ್ಲ ಮಾಡಿಯೂ ಮಡಿಯಲ್ಲಿ ನೀರು ನಿಂತರೆ ದುಂಡಾಣುವಿನ ಕೈ ಕಟ್ಟಿದಂತೆಯೇ. ಏರುಮಡಿ, ಮಡಿಗಳ ನಡುವೆ ಆಳವಾದ ಬಸಿಗಾಲುವೆ, ಹಸಿ ಸೊಪ್ಪಿನ ಹೊದಿಕೆ ಇವು ಹಳೆಯ ಮಾತುಗಳಾದರೂ ಇವನ್ನು ಬಿಟ್ಟು ಪೊಟ್ಟಣವನ್ನು ನೆಚ್ಚಿದವರು ಕೈಸುಟ್ಟುಕೊಂಡಿದ್ದಾರೆ. ಫೆಬ್ರುವರಿ, ಮಾರ್ಚಿಯ ಬಿಸಿಲಿನಲ್ಲಿ ಒದ್ದೆ ಮಾಡಿದ ಮಡಿಗೆ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ 40 ರಿಂದ 45 ದಿನ ಬಿಟ್ಟರೆ ಮಣ್ಣಿನ ರೋಗಾಣುಗಳು ಗಣನೀಯವಾಗಿ ಕುಗ್ಗುತ್ತವೆ; ಹಾಳೆ ತೆಗೆದ ಮೇಲೆ ಖಾಲಿಯಾದ ಜಾಗದಲ್ಲಿ ಉಪಕಾರಿಗಳನ್ನು ನೆಲೆಗೊಳಿಸುವುದೂ ಸುಲಭ.

ದುಂಡಾಣು ಸೊರಗಿನ ಬಗ್ಗೆ ಬಿಚ್ಚುಮಾತು ಅಗತ್ಯ. ರಾಲ್‌ಸ್ಟೋನಿಯ ಒಮ್ಮೆ ನೆಲೆಯೂರಿದ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಅಂತಹ ಗದ್ದೆಯಲ್ಲಿ ಮರುವರ್ಷವೇ ಶುಂಠಿ ಹಾಕಿ ಪೊಟ್ಟಣ ಕಾಪಾಡುತ್ತದೆಂದು ನಂಬುವುದು ಸಲ್ಲದು. ಕನಿಷ್ಠ ಮೂರು ನಾಲ್ಕು ವರ್ಷ ಭತ್ತ ಮುಂತಾದ ಬೆಳೆ ಬೆಳೆಯಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳನ್ನು ಬೆಳೆಯಬಾರದು, ಏಕೆಂದರೆ ಇವೂ ಈ ರೋಗಾಣು ಗುಂಪಿನ ಆಶ್ರಯ ಗಿಡಗಳೇ.

ಮೆಣಸಿನ ಬಳ್ಳಿ ಮತ್ತು ಮೈಲುತುತ್ತ

ಕಾಫಿ ತೋಟದ ಸಿಲ್ವರ್ ಓಕ್, ಹಾಲುವಾಣಗಳ ಮೇಲೆ ಹಬ್ಬಿದ ಕಾಳುಮೆಣಸಿಗೆ ಬರುವ ಶೀಘ್ರ ಸೊರಗು ರೋಗಕ್ಕೆ ಕಾರಣವಾದ ಫೈಟಾಪ್ತೊರ ಪಿಥಿಯಂನ ದಾಯಾದಿ. ಅದರ ಬೀಜಕಣವೂ ಈಜುತ್ತದೆ. ಬಳ್ಳಿಯ ಕೊರಳಿಗೆ ತಗುಲಿದರೆ ಎರಡು ಮೂರು ವಾರಗಳಲ್ಲಿ ಬಳ್ಳಿಯೇ ಹೋಗುತ್ತದೆ. ಮುಂಗಾರಿನ ಆರಂಭದಲ್ಲಿ ಟ್ರೈಕೋಡರ್ಮ ಅಥವಾ ಸೂಡೊಮೋನಾಸನ್ನು ಬಳ್ಳಿಗೆ 50 ಗ್ರಾಂನಂತೆ ಬೇವಿನ ಹಿಂಡಿ, ಗೊಬ್ಬರದೊಂದಿಗೆ ಬುಡಕ್ಕೆ ಕೊಡುವ ಶಿಫಾರಸು ಇದೆ.

ಮೈಲುತುತ್ತವನ್ನು ಬಿಡಬೇಕೇ ಎಂಬುದಕ್ಕೆ ಉತ್ತರ: ಬಿಡಬೇಕಾಗಿಲ್ಲ. ಮಳೆಗೆ ಮುನ್ನ ಎಲೆಗೆ ಶೇಕಡ 1ರ ಬೋರ್ಡೊ ಸಿಂಪಡಣೆ ಇಂದಿಗೂ ಉಪಯುಕ್ತ. ಆದರೆ ತಾಮ್ರ ದುಂಡಾಣುವಿಗೂ ವಿಷ. ಬೋರ್ಡೊ ಅಥವಾ ಕಾಪರ್ ಆಕ್ಸಿಕ್ಲೋರೈಡನ್ನು ಬುಡಕ್ಕೆ ಸುರಿದ ಮರುದಿನವೇ ಸೂಡೊಮೋನಾಸ್ ಹಾಕಿದರೆ ಎರಡರ ಹಣವೂ ನಷ್ಟ. ಕನಿಷ್ಠ ಹದಿನೈದು ದಿನಗಳ ಅಂತರವಿರಲಿ.

ಪೊಟ್ಟಣವನ್ನು ಓದುವುದು

ಸಂಘಗಳ ಮೂಲಕ ಒಟ್ಟಾಗಿ ಖರೀದಿಸುವ ಸಂದರ್ಭದಲ್ಲಿ ಸದಸ್ಯರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ರೋಗ ಹತೋಟಿಗೆಂದು ಮಾರುವ ದುಂಡಾಣು ಪುಡಿಯೂ 1968ರ ಕೀಟನಾಶಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಕೇಂದ್ರದ ನೋಂದಣಿ ಸಮಿತಿಯ ಸಂಖ್ಯೆ ಪೊಟ್ಟಣದ ಮೇಲೆ ಇರಲೇಬೇಕು. ಜೀವಿಯ ಪೂರ್ಣ ಹೆಸರು, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ, ಜೀವಂತ ಕಣಗಳ ಸಂಖ್ಯೆ ನಮೂದಾಗಿರಬೇಕು. ದುಂಡಾಣುವಾದರೆ ಗ್ರಾಮಿಗೆ ಕನಿಷ್ಠ 10 ಕೋಟಿ, ಟ್ರೈಕೋಡರ್ಮವಾದರೆ ಕನಿಷ್ಠ 20 ಲಕ್ಷ ಎಂಬುದು ನಿಗದಿತ ಮಟ್ಟ. ‘ಎಲ್ಲ ರೋಗಕ್ಕೂ ಒಂದೇ ಮದ್ದು’ ಎಂದು ಬರೆದು ಒಳಗಿರುವ ಜೀವಿಯ ಹೆಸರನ್ನೇ ಬರೆಯದ ಬಾಟಲಿಗಳನ್ನು, ಎಷ್ಟೇ ಅಗ್ಗವಾಗಲಿ, ಒಪ್ಪಬಾರದು.

ಸೂಡೊಮೋನಾಸ್ ಸೂಕ್ಷ್ಮ ಪ್ರಕೃತಿಯದು. ಟಾಲ್ಕ್ ಪುಡಿಯಲ್ಲಿ ಕೆಲವು ತಿಂಗಳು ಮಾತ್ರ ಬಾಳುತ್ತದೆ. ಬ್ಯಾಸಿಲಸ್ ಗಟ್ಟಿ ಕವಚದ ಬೀಜಕಣವಾಗಿ ಮಲಗಬಲ್ಲದ್ದರಿಂದ ಹೆಚ್ಚು ಕಾಲ ಉಳಿಯುತ್ತದೆ. ಎರಡನ್ನೂ ತಗಡಿನ ಮಾಡಿನ ಕೆಳಗೆ ಯೂರಿಯ ಚೀಲದ ಪಕ್ಕದಲ್ಲಿ ಒಟ್ಟಿಡುವುದು ಸರಿಯಲ್ಲ. ಕಳೆದ ವರ್ಷ ಉಳಿದ ಪೊಟ್ಟಣವನ್ನು ಈ ವರ್ಷ ಫಲಾನುಭವಿಗಳಿಗೆ ಹಂಚುವುದು ಲೆಕ್ಕಪತ್ರದಲ್ಲಿ ಉಳಿತಾಯವೆಂದು ಕಂಡೀತು. ಹೊಲದಲ್ಲಿ ಅದು ಬರಿಯ ಪುಡಿ.

ಪಂಚಾಯಿತಿಯಿಂದ ಆಗಬಹುದಾದುದು

ಫೆಬ್ರುವರಿಯ ಗ್ರಾಮಸಭೆಯಲ್ಲಿ ಶುಂಠಿ ಬೆಳೆಯಲಿರುವವರನ್ನು ಕಣಿವೆವಾರು ಒಟ್ಟುಗೂಡಿಸಿ, ಮೇಲಿನ ಗದ್ದೆಯ ನೀರು ಯಾವ ಕಡೆ ಇಳಿಯಬೇಕೆಂಬುದನ್ನು ಪರಸ್ಪರ ಒಪ್ಪಿ ಬಸಿಗಾಲುವೆಗಳ ಕಾಮಗಾರಿಯನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಬಹುದು. ಕೊಳೆತ ಗಡ್ಡೆಯನ್ನು ತೋಡಿಗೆ ಎಸೆಯಕೂಡದೆಂದು ನಿರ್ಣಯಿಸಿ, ನೀರು ಹರಿಯದ ಎತ್ತರದ ಜಾಗದಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚುವ ಏರ್ಪಾಡು ಮಾಡಬಹುದು. ಬೇರೆ ಕಡೆಯಿಂದ ಬಂದು ಗದ್ದೆ ಗೇಣಿಗೆ ಪಡೆಯುವವರೂ ಈ ನಿರ್ಣಯಕ್ಕೆ ಒಳಪಡಬೇಕೆಂದು ಗದ್ದೆಯ ಒಡೆಯರು ಕರಾರಿನಲ್ಲಿಯೇ ಬರೆಯಿಸಿಕೊಂಡರೆ ಮುಂದೆ ಜಗಳಕ್ಕೆ ಎಡೆ ಕಡಿಮೆ. ಟ್ರೈಕೋಡರ್ಮ ಬೆರೆಸಿದ ಗೊಬ್ಬರ ತಯಾರಿಕೆಯನ್ನು ಸಂಜೀವಿನಿ ಒಕ್ಕೂಟದ ಮಹಿಳಾ ಸಂಘಗಳು ಕೈಗೆತ್ತಿಕೊಳ್ಳಲು ಅವಕಾಶವಿದೆ. ಹದಿನೈದು ದಿನಗಳ ಕೆಲಸ, ದೊಡ್ಡ ಯಂತ್ರ ಬೇಡ, ನೆರಳು ಬೇಕು ಅಷ್ಟೆ.

ಮೊದಲ ವರ್ಷ ಪ್ರತಿ ಗ್ರಾಮದಲ್ಲಿ ಒಂದೆರಡು ರೈತರ ಗದ್ದೆಯಲ್ಲಿ ಅರ್ಧ ಮಡಿಗಳಿಗೆ ದುಂಡಾಣು ಉಪಚಾರ ಮಾಡಿ, ಉಳಿದರ್ಧವನ್ನು ಎಂದಿನಂತೆ ಬಿಟ್ಟು, ಸತ್ತ ಗಿಡಗಳನ್ನು ಎರಡೂ ಕಡೆ ಎಣಿಸಿ ಬರೆದಿಡುವುದು ಸೂಕ್ತ. ಉಪಚಾರ ಮಾಡಿದ ಮಡಿಗಳು ಇಳಿಜಾರಿನ ಮೇಲ್ಭಾಗದಲ್ಲಿರಲಿ, ಇಲ್ಲವಾದರೆ ಬಿಟ್ಟ ಮಡಿಗಳ ನೀರು ಬಂದು ಲೆಕ್ಕವನ್ನೇ ಕೆಡಿಸುತ್ತದೆ.

ರೋಗ ಕಂಡುಬಂದಲ್ಲಿ ಮಾದರಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ತಾಲ್ಲೂಕು ತೋಟಗಾರಿಕೆ ಕಚೇರಿಯ ಮೂಲಕ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಅಪ್ಪಂಗಳದ ಕೇಂದ್ರಕ್ಕೆ ತಲಪಿಸಬಹುದು. ಪೂರ್ತಿ ಸತ್ತ ಗಿಡದಿಂದ ಪ್ರಯೋಜನವಿಲ್ಲ. ಆಗತಾನೇ ಬಾಡಲಾರಂಭಿಸಿದ ಗಿಡವನ್ನು ಬೇರು ಮತ್ತು ಹಿಡಿ ಮಣ್ಣಿನ ಸಮೇತ ಅಗೆದು, ನೀರು ಚಿಮುಕಿಸದೆ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ, ಗದ್ದೆಯ ಹೆಸರು, ನಾಟಿಯ ದಿನಾಂಕ, ಗಡ್ಡೆ ತಂದ ಊರು, ಹಿಂದಿನ ವರ್ಷದ ಬೆಳೆ ಮತ್ತು ಈವರೆಗೆ ಹಾಕಿದ ಔಷಧಗಳನ್ನು ಚೀಟಿಯಲ್ಲಿ ಬರೆದು ಅದೇ ದಿನ ಕಳುಹಿಸತಕ್ಕದ್ದು.